ಹಿತಾಸಕ್ತಿಗಳ ಸುಖಸಂಸಾರ

2024ರ ಜೂನ್ ತಿಂಗಳು. ಮನೆ ಹಿಂದೆ ಹೊಸದಾಗಿ ಕಟ್ಟಿಸಿದ ಡೆಕ್ ನೋಡಲು ಅಮೆರಿಕದ ಫೇರ್‌ಫ್ಯಾಕ್ಸ್ ಕೌಂಟಿಯ ಇನ್‌ಸ್ಪೆಕ್ಟರ್ ಬಂದಿದ್ದ. ಮನೆಗೆ ಬಂದವರನ್ನು ಹಾಗೇ ಕಳಿಸುವುದುಂಟೇ ಎಂದು, ತುಮಕೂರಿನಿಂದ ಬಂದಿದ್ದ ಅಮ್ಮ ಸ್ಟೀಲ್ ಲೋಟದಲ್ಲಿ ನೊರೆ ಕಾಫಿ ಹಿಡಿದು ನಿಂತಳು. ಆತ ಎರಡೂ ಕೈ ಮೇಲೆತ್ತಿ ಒಂದು ಹೆಜ್ಜೆ ಹಿಂದೆ ಸರಿದ, ಲೋಟದೊಳಗೆ ಹಾವಿದ್ದ ಹಾಗೆ. ತನ್ನದೇ ಬಾಟಲಿ ತೆಗೆದು ಎರಡು ಗುಟುಕು ನೀರು ಕುಡಿದ. ಗೋಡೆಗೆ ಕೂಡಿಸಿದ ಹಲಗೆಯಲ್ಲಿ ಎರಡು ಬೋಲ್ಟ್ ಕಡಿಮೆ ಎಂದು ಬರೆದು, ಫೇಲ್ ಮಾಡಿ ಹೊರಟೇಹೋದ.

“ಕಾಫೀನೂ ಕುಡಿಯದ ಆಫೀಸರ್ರಾ?” ಅಮ್ಮನಿಗೆ ನಂಬಿಕೆಯೇ ಬರಲಿಲ್ಲ. “ಪಾಪ, ಕೆಲಸಕ್ಕೆ ಹೊಸಬನಿರಬೇಕು ಬಿಡು.”

ಹೊಸಬನಲ್ಲ, ತಲೆಯೆಲ್ಲ ನರೆತಿತ್ತು. ಈ ಸೀಮೆಯಲ್ಲಿ ಸಣ್ಣ ನೌಕರರ ಮಡಿ ಹಾಗೇ. ಫೆಡರಲ್ ನೌಕರರಿಗಂತೂ ಲೆಕ್ಕವೇ ಬರೆದಿಟ್ಟಿದೆ: ಒಬ್ಬರಿಂದ ಒಂದು ಸಲಕ್ಕೆ 20 ಡಾಲರ್, ವರ್ಷಕ್ಕೆ 50 ಡಾಲರ್ ದಾಟಿದ ಉಡುಗೊರೆ ಮುಟ್ಟುವಂತಿಲ್ಲ. ಕಂಟ್ರಾಕ್ಟರೊಬ್ಬ ದೀಪಾವಳಿಗೆ ಕಳಿಸಿದ ಮೈಸೂರು ಪಾಕನ್ನು ತೂಗಿ, ಬೆಲೆ ಹುಡುಕಿ, ಕಾಯ್ದೆಗೆ ಹೊಂದುವಷ್ಟೇ ತುಂಡು ಇಟ್ಟುಕೊಂಡು ಮಿಕ್ಕದ್ದನ್ನು ವಾಪಸ್ ಕಳಿಸಿದ ಮಿತ್ರರು ನನಗಿದ್ದಾರೆ. ಜರಡಿ ಎಂದರೆ ಇದು. ಒಂದು ಸಾಸಿವೆ ಕಾಳೂ ಈಚೆ ಬರುವುದಿಲ್ಲ. ಕುಂಬಳಕಾಯಿ ಮಾತ್ರ ಸಲೀಸಾಗಿ ಹೋಗುತ್ತದೆ.

ಕುಂಬಳಕಾಯಿಗೆ ಇಲ್ಲೊಂದು ಗಂಭೀರ ಹೆಸರಿದೆ, ಹಿತಾಸಕ್ತಿ ಸಂಘರ್ಷ. ಈ ಹೆಸರಿಟ್ಟ ಪುಣ್ಯಾತ್ಮ ಯಾವತ್ತೂ ಪಂಚಾಯಿತಿ ಕಟ್ಟೆ ಹತ್ತಿದವನಲ್ಲ. ಸಂಘರ್ಷ ಎಂದ ಮೇಲೆ ಎರಡು ಕಡೆಯವರು ಬಡಿದಾಡಬೇಕು, ನಾಲ್ಕು ಜನ ಬಂದು ಬಿಡಿಸಬೇಕು. ಇಲ್ಲಿ ಊರಿನ ಹಿತ, ನನ್ನ ಹಿತ ಎರಡೂ ಒಂದೇ ಎಲೆಯಲ್ಲಿ ಉಣ್ಣುತ್ತವೆ, ಒಂದೇ ಚಾಪೆಯಲ್ಲಿ ಮಲಗುತ್ತವೆ. ಇಷ್ಟು ಅನ್ಯೋನ್ಯವಾದ ಸಂಸಾರವನ್ನು ನಾನಂತೂ ಕಂಡಿಲ್ಲ. ನಮ್ಮೂರಲ್ಲಿ ಪಂಚಾಯಿತಿ ಸದಸ್ಯ ತನ್ನ ಹೆಸರಲ್ಲಿ ಚರಂಡಿ ಕಾಮಗಾರಿ ಹಿಡಿಯುವ ಹಾಗಿಲ್ಲ. ಆದ್ದರಿಂದಲೇ ದೇವರು ಭಾಮೈದನನ್ನು ಸೃಷ್ಟಿಸಿದ. ಅಮೆರಿಕದಲ್ಲಿ ಭಾಮೈದಂದಿರಿಗೆ ಬಿಡುವಿಲ್ಲ, ಹಾಗಾಗಿ ಎಲ್‌ಎಲ್‌ಸಿ ಎಂಬ ಖಾಸಗಿ ಕಂಪನಿ.

ಜ್ಯಾಕ್ ಇವಾನ್ಸ್ ಅವರನ್ನೇ ತೆಗೆದುಕೊಳ್ಳಿ. 1991ರಿಂದ ವಾಷಿಂಗ್ಟನ್ ಡಿ.ಸಿ. ಕೌನ್ಸಿಲ್ಲಿನ ಸದಸ್ಯರು. ಮೆಟ್ರೋ ಮಂಡಳಿಯ ಅಧ್ಯಕ್ಷರೂ ಅವರೇ. ಇವೆರಡರ ನಡುವೆ ಬಿಡುವು ಮಾಡಿಕೊಂಡು ಒಂದು ಸ್ವಂತ ಕನ್ಸಲ್ಟಿಂಗ್ ಎಲ್‌ಎಲ್‌ಸಿ. ಕಲೋನಿಯಲ್ ಪಾರ್ಕಿಂಗ್ ಎಂಬ ಕಂಪನಿ ಇದಕ್ಕೆ ವರ್ಷಕ್ಕೆ 50,000 ಡಾಲರ್ ಕೊಡುತ್ತಿತ್ತು. ಮೆಟ್ರೋದ ಪಾರ್ಕಿಂಗ್ ಗುತ್ತಿಗೆ ಇದ್ದದ್ದು ಅದರ ಎದುರಾಳಿ ಲ್ಯಾಜ್ ಪಾರ್ಕಿಂಗ್ ಕೈಯಲ್ಲಿ. ಅಧ್ಯಕ್ಷರಿಗೆ ಒಂದು ದಿನ ಆ ಎದುರಾಳಿಯ ವ್ಯವಹಾರದ ಮೇಲೆ ಎಲ್ಲಿಲ್ಲದ ಕಾಳಜಿ ಉಕ್ಕಿತು, ತನಿಖೆ ಆಗಲೇಬೇಕು ಎಂದರು. ತಮಗೆ ಬರುವ ಸಂಬಳದ ಮಾತು ಮಾತ್ರ ಬಾಯಿಗೆ ಬರಲಿಲ್ಲ. 2019ರಲ್ಲಿ ಎಲ್ಲ ಹೊರಬಿತ್ತು. ಕೌನ್ಸಿಲ್ ನೇಮಿಸಿದ ವಕೀಲರು ಲೆಕ್ಕ ಹಾಕಿ, ಹನ್ನೊಂದು ಸಲ ನಿಯಮ ಮುರಿದಿದ್ದಾರೆ, ಒಟ್ಟು ಸಂದಾಯ ಸುಮಾರು 4 ಲಕ್ಷ ಡಾಲರ್ ಎಂದರು. ಉಚ್ಚಾಟನೆಗೆ ಕೈಯೆತ್ತಲು ಸಹೋದ್ಯೋಗಿಗಳು ಸಿದ್ಧರಾದಾಗ, 2020ರ ಜನವರಿಯಲ್ಲಿ ಇವಾನ್ಸ್ ತಾವೇ ರಾಜೀನಾಮೆ ಕೊಟ್ಟರು. ಅದೇ ತಿಂಗಳು ಅದೇ ಕುರ್ಚಿಗೆ ಅಭ್ಯರ್ಥಿಯಾಗಲು ಅರ್ಜಿ ಹಾಕಿದರು. ಸೋತರು, ಅದು ಬೇರೆ ಮಾತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ನಮ್ಮ ಗಾದೆಯ ಕಳ್ಳ ಎಷ್ಟು ಸಂಕೋಚದವನು ಪಾಪ!

ಪಾರ್ಕಿಂಗಿಗೂ ನಗರಾಡಳಿತಕ್ಕೂ ಏನು ಜನ್ಮಾಂತರದ ನಂಟೋ. ನಾರ್ತ್ ಕ್ಯಾರೊಲಿನಾದ ಶಾರ್ಲೆಟ್ ನಗರದ ಮೇಯರ್ ಪ್ಯಾಟ್ರಿಕ್ ಕ್ಯಾನನ್ ಅವರದೂ ಮೂಲ ಕಸುಬು ಪಾರ್ಕಿಂಗ್. ಅಧಿಕಾರ ವಹಿಸಿಕೊಂಡು ನಾಲ್ಕು ತಿಂಗಳೂ ತುಂಬಿರಲಿಲ್ಲ, 2014ರ ಮಾರ್ಚ್ 26ರಂದು ಎಫ್‌ಬಿಐ ಹಿಡಿಯಿತು. ಬಿಲ್ಡರುಗಳ ವೇಷದಲ್ಲಿ ಬಂದ ಏಜೆಂಟರಿಂದ ಅವರು ಇಸಿದುಕೊಂಡದ್ದು 48,000 ಡಾಲರಿಗೂ ಮಿಕ್ಕಿತ್ತು. ಅದರಲ್ಲಿ 20,000 ಕೈಸೇರಿದ್ದು ಮೇಯರ್ ಕಚೇರಿಯಲ್ಲೇ, ಬ್ರೀಫ್‌ಕೇಸಿನಲ್ಲಿ. ಅಲ್ಲಿಗೆ ಕಾಫಿ ಲೋಟ ಒಯ್ದಿದ್ದರೆ ತಡೆಯುತ್ತಿದ್ದರೋ ಏನೋ.

ಅಟ್ಲಾಂಟದ್ದು ಇನ್ನೂ ಸೊಗಸು. ನಗರದ ಖರೀದಿ ವಿಭಾಗದ ಮುಖ್ಯಸ್ಥ ಆಡಮ್ ಸ್ಮಿತ್ ಒಬ್ಬ ಗುತ್ತಿಗೆದಾರನ ಜತೆ ಹೋಟೆಲಿನಲ್ಲಿ ಊಟ ಮಾಡುವುದು, ಊಟವಾದ ಮೇಲೆ ಕೈ ತೊಳೆಯಲು ಇಬ್ಬರೂ ಬಾತ್‌ರೂಮಿಗೆ ಹೋಗುವುದು, ಅಲ್ಲಿ ಸಾವಿರ ಡಾಲರ್ ಕೈ ಬದಲಾಯಿಸುವುದು. ಕೈ ತೊಳೆಯುವ ಜಾಗದಲ್ಲೇ ಕೈ ಬಿಸಿ! ಹೀಗೆ 30,000 ಡಾಲರ್ ದಾಟಿತು. ಪ್ರತಿ ವರ್ಷ ತುಂಬಿಕೊಡಬೇಕಾದ ಆದಾಯ ಘೋಷಣಾ ಪತ್ರದಲ್ಲಿ ಈ ಬಾಬ್ತಿನ ಸುದ್ದಿಯಿಲ್ಲ. ಆ ಫಾರಂ ಎಂಬುದೇ ಒಂದು ತಮಾಷೆ. ಕದ್ದಿದ್ದೀರಾ ಎಂದು ಕದ್ದವನನ್ನೇ ಕೇಳುತ್ತದೆ, ಇಲ್ಲ ಎಂದರೆ ನಂಬಿ ಕಡತಕ್ಕೆ ಸೇರಿಸುತ್ತದೆ. 2018ರಲ್ಲಿ 27 ತಿಂಗಳ ಸಜೆಯಾಯಿತು.

ಬಾತ್‌ರೂಮಿನ ಮಹಿಮೆ ಇಲ್ಲಿಗೆ ಮುಗಿಯುವುದಿಲ್ಲ. ಡಿ.ಸಿ.ಗೆ ಅಂಟಿಕೊಂಡಿರುವ ಪ್ರಿನ್ಸ್ ಜಾರ್ಜಸ್ ಕೌಂಟಿಯ ಮುಖ್ಯಸ್ಥ ಜ್ಯಾಕ್ ಜಾನ್ಸನ್, 2010ರ ನವೆಂಬರಿನಲ್ಲಿ ಎಫ್‌ಬಿಐ ಮನೆ ಬಾಗಿಲು ತಟ್ಟುತ್ತಿದ್ದಾಗ, ಹೆಂಡತಿಗೆ ಫೋನಿನಲ್ಲಿ ಸಲಹೆ ಕೊಟ್ಟರು: ಒಂದು ಲಕ್ಷ ಡಾಲರಿನ ಚೆಕ್ಕನ್ನು ಟಾಯ್ಲೆಟ್ಟಿಗೆ ಹಾಕಿ ನೀರು ಬಿಡು, ನಗದನ್ನು ಒಳಉಡುಪಿನಲ್ಲಿ ಸೇರಿಸಿಕೋ. ಫೋನಿಗೆ ಅಧಿಕಾರಿಗಳು ಕಿವಿಗೊಟ್ಟಿದ್ದರು. ಆ ಉಡುಪಿನಿಂದ 79,600 ಡಾಲರ್ ಹೊರಬಂತು. ಆಕೆ ಆಗತಾನೆ ಕೌಂಟಿ ಕೌನ್ಸಿಲ್ಲಿಗೆ ಗೆದ್ದಿದ್ದರು. ಸುಖಸಂಸಾರ ಎಂದು ನಾನು ಹೇಳಿದ್ದು ಬರೀ ಅಲಂಕಾರಕ್ಕಲ್ಲ.

ಇಷ್ಟೆಲ್ಲ ಪಡಿಪಾಟಲು ಯಾಕೆ ಎಂದು ಸುಪ್ರೀಂ ಕೋರ್ಟಿಗೇ ಅನ್ನಿಸಿರಬೇಕು. ಇಂಡಿಯಾನಾದ ಪೋರ್ಟೇಜ್ ಎಂಬ ಊರು ಕಸದ ಲಾರಿಗಳಿಗೆ ಸುಮಾರು 11 ಲಕ್ಷ ಡಾಲರ್ ಕೊಟ್ಟಿತು. ವ್ಯಾಪಾರ ಮುಗಿದ ಮೇಲೆ ಲಾರಿ ಕಂಪನಿ ಮೇಯರ್ ಜೇಮ್ಸ್ ಸ್ನೈಡರ್ ಅವರಿಗೆ 13,000 ಡಾಲರಿನ ಚೆಕ್ ಕೊಟ್ಟಿತು. ಸಲಹಾ ಶುಲ್ಕ ಎಂದರು ಮೇಯರ್. ಲಂಚ ಎಂದರು ಪ್ರಾಸಿಕ್ಯೂಟರುಗಳು. 2024ರ ಜೂನ್ 26ರಂದು ಆರು ನ್ಯಾಯಮೂರ್ತಿಗಳು ಮೂವರ ಭಿನ್ನಮತವನ್ನು ದಾಟಿ ಹೇಳಿದರು: ಸ್ಥಳೀಯ ಅಧಿಕಾರಿಗಳ ಮಟ್ಟಿಗೆ ಫೆಡರಲ್ ಲಂಚ ಕಾನೂನು ಹಿಡಿಯುವುದು ಕೆಲಸಕ್ಕೆ ಮುಂಚೆ ಒಪ್ಪಿಕೊಂಡ ಲಂಚವನ್ನು, ಮಾತುಕತೆಯಿಲ್ಲದೆ ಕೆಲಸವಾದ ಮೇಲೆ ಬಂದ ಕೃತಜ್ಞತೆಯ ಕಾಣಿಕೆಯನ್ನಲ್ಲ. ಅದನ್ನು ಬೇಕಾದರೆ ರಾಜ್ಯಗಳು, ಊರುಗಳು ನೋಡಿಕೊಳ್ಳಲಿ.

ಊಟದ ಮೇಜಿನಲ್ಲಿ ಇದನ್ನು ಓದಿ ಹೇಳಿದೆ. ಅಮ್ಮ ಸಾರಿನ ಸೌಟು ಬಿಡದೆ ಕೇಳಿಸಿಕೊಂಡಳು. ತಾಲ್ಲೂಕು ಆಫೀಸಿನ ಮೆಟ್ಟಿಲು ಸವೆಸಿದವಳು. ಖಾತೆ ಬದಲಾವಣೆಯ ಕಾಗದ ಕೈಗಿಟ್ಟು, “ಏನಾದ್ರೂ ಖುಷಿಗೆ ಕೊಡಿ ಅಮ್ಮಾ” ಎಂದು ತಲೆ ಕೆರೆದುಕೊಂಡವರನ್ನು ಎಷ್ಟು ಕಂಡಿದ್ದಾಳೋ. ನಮ್ಮ ಕಾನೂನು ಖುಷಿಯನ್ನೂ ಲಂಚವೆಂದೇ ಎಣಿಸುತ್ತದೆ, ಅಟೆಂಡರ್ ಎಣಿಸುವುದಿಲ್ಲ.

“ನಂದೇ ತಪ್ಪು” ಎಂದಳು. “ಸಹಿ ಹಾಕೋಕೆ ಮುಂಚೆ ಕೊಟ್ಬಿಟ್ಟೆ.”

ಎರಡು ಬೋಲ್ಟ್ ಬಿಗಿಸಿ ಮತ್ತೆ ಕರೆಸಿದೆವು. ಈ ಸಲ ಅಮ್ಮ ಬಾಗಿಲ ಹಿಂದೆ ನಿಂತು ಕಾದಳು. ಇನ್‌ಸ್ಪೆಕ್ಟರ್ ಬಗ್ಗಿ ನೋಡಿದ, ಟಾರ್ಚ್ ಬಿಟ್ಟ, ಟ್ಯಾಬಿನಲ್ಲಿ ಪಾಸ್ ಎಂದು ಒತ್ತಿದ. ಒತ್ತಿದ್ದು ಖಾತ್ರಿಯಾದ ಮೇಲೆ ಲೋಟ ಹೊರಗೆ ಬಂತು. ಆತ ಮತ್ತೆ ಎರಡೂ ಕೈ ಎತ್ತಿ, ನಕ್ಕು, ಬಾಟಲಿ ತೋರಿಸಿ ಕಾರು ಹತ್ತಿದ.

“ಕೋರ್ಟೇ ಬೇಡ ಅಂದಿಲ್ಲ, ಇವನಿಗೇನು?” ಎಂದು ಗೊಣಗುತ್ತ ಅಮ್ಮ ಕಾಫಿಯನ್ನು ನನ್ನ ಕೈಗಿಟ್ಟಳು. ಆರಿಹೋಗಿತ್ತು.