ಇಡ್ಲಿಪೂರ್ವ ಮತ್ತು ಇಡ್ಲ್ಯುತ್ತರ ನಗದು ಮೀಮಾಂಸೆ

ನೋಟು ಒಲ್ಲೆನೆನ್ನುವ ಅಂಗಡಿಗಳ ವಿಷಯದಲ್ಲಿ ಮುಂಬೈಯ ಪರೇಲಿನ ಪಂಡಿತರದು ಎರಡು ಪಂಥ. 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 26ನೇ ಕಲಮಿನಂತೆ ನೋಟು ಭಾರತದ ಯಾವ ಮೂಲೆಯಲ್ಲೂ ಸಲ್ಲಬೇಕು, ಪರೇಲ್ ಭಾರತದಲ್ಲಿದೆ, ಆದ್ದರಿಂದ ನಿರಾಕರಣೆ ಸಲ್ಲದು ಎಂಬುದು ಒಂದು. ನನ್ನ ಅಂಗಡಿ, ನನ್ನ ಷರತ್ತು ಎಂಬುದು ಇನ್ನೊಂದು. ಎರಡೂ ಪಂಥದವರು ಇಡ್ಲಿಯನ್ನು ಲೆಕ್ಕಕ್ಕೇ ಹಿಡಿದಿಲ್ಲ ಎಂಬುದು ನಮ್ಮ ತಕರಾರು. ನೋಟಿನ ಬಲವೆಲ್ಲ ಸಾಲ ತೀರಿಸುವುದರಲ್ಲಿದೆ. ಹುಟ್ಟದ ಸಾಲವನ್ನು ತೀರಿಸುವುದೆಂತು? ಉಡುಪಿ ಹೋಟೆಲಿನಲ್ಲಿ ತಿಂಡಿ ಮೊದಲು, ಬಿಲ್ಲು ಆಮೇಲೆ. ಕೊನೆಯ ತುಂಡು ಸಾಂಬಾರಿನಲ್ಲಿ ಮುಳುಗುವ ಹೊತ್ತಿಗೆ ಗಿರಾಕಿ ಅಪ್ಪಟ ಸಾಲಗಾರ. ಆಗ ಅವನು ನೂರರ ನೋಟು ಚಾಚಿದರೆ ಗಲ್ಲಾದಲ್ಲಿ ಕೂತ ಶೆಟ್ಟರು ಬೇಡವೆನ್ನುವಂತಿಲ್ಲ. ಗಿರಣಿಯ ಜಾಗದಲ್ಲಿ ಎದ್ದ ಮಾಲಿನ ಕಾಫಿ ಕೌಂಟರಿನಲ್ಲಾದರೋ ದುಡ್ಡು ಮೊದಲು, ಕಾಫಿ ಆಮೇಲೆ. ಅಲ್ಲಿ ಸಾಲವೇ ಹುಟ್ಟುವುದಿಲ್ಲ. ಆದ್ದರಿಂದ ಇಡ್ಲಿಪೂರ್ವ ನಿರಾಕರಣೆ ಬರೀ ಕರಾರು, ಇಡ್ಲ್ಯುತ್ತರ ನಿರಾಕರಣೆ ಶುದ್ಧ ದಬ್ಬಾಳಿಕೆ.

ಇತಿಹಾಸವೂ ಇದಕ್ಕೆ ಸಾಕ್ಷಿ. ಪರೇಲನ್ನೊಳಗೊಂಡ ಬಟ್ಟೆ ಗಿರಣಿಗಳ ಸೀಮೆ ಗಿರಣಗಾಂವದ ಖಾನಾವಳಿಗಳಲ್ಲಿ ಕಾರ್ಮಿಕರು ತಿಂಗಳಿಡೀ ಉಂಡು ಪಗಾರದ ದಿನ ಲೆಕ್ಕ ಚುಕ್ತಾ ಮಾಡುತ್ತಿದ್ದರು. ಅಡುಗೆ ಹೆಂಗಸರಿಗೆ ಇದರಿಂದ ಆಗುತ್ತಿದ್ದ ಹಣದ ಮುಗ್ಗಟ್ಟನ್ನು ನೀಗಿಸಲೆಂದೇ ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಗಿರಣಿ ಮುಷ್ಕರ ಶುರುವಾಯಿತು. ಪಗಾರದ ದಿನವೇ ಇಲ್ಲವಾದ ಮೇಲೆ ಉದ್ರಿ ಎಲ್ಲಿ ಉಳಿದೀತು? ಊಟಕ್ಕೂ ದುಡ್ಡಿಗೂ ನಡುವೆ ಇದ್ದ ಮೂವತ್ತು ದಿನದ ಅಂತರ ಕರಗುತ್ತ ಕರಗುತ್ತ ಈಗ ಸೊನ್ನೆಗಿಂತ ಕೆಳಗಿಳಿದಿದೆ. ಕ್ಯೂಆರ್ ಫಲಕ ಅಳೆಯುತ್ತಿರುವುದು ಹಣವನ್ನಲ್ಲ, ಗಿರಾಕಿಯ ಮೇಲಿನ ನಂಬಿಕೆಯನ್ನು.

ಇಲ್ಲಿ ವ್ಯಾಪಾರಿಯ ಆಕ್ಷೇಪ: ಚಿಲ್ಲರೆ ಸಿಗದು, ಹುಡುಗರು ಗಲ್ಲಾಕ್ಕೆ ಕೈ ಹಾಕುತ್ತಾರೆ, ರಾತ್ರಿ ಎಣಿಸಿ ಬೆರಳು ಸವೆಯುತ್ತದೆ. ಒಪ್ಪಿದೆವು; 2011ರ ನಾಣ್ಯ ಕಾಯ್ದೆ ಚಿಲ್ಲರೆಯ ಬದಲಿಗೆ ಕೊಡುವ ಪೆಪ್ಪರ್‌ಮಿಂಟನ್ನು ನಾಣ್ಯವೆಂದು ಮಾನ್ಯ ಮಾಡಿಲ್ಲವೆಂಬುದೂ ನಿಜ. ಆದರೆ 2025ರ ಜುಲೈಯಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸಿನವರಿಗೆ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ನೋಟೀಸು ಬಂದಾಗ ಎಷ್ಟೋ ಕಡೆ ಕ್ಯೂಆರ್ ಕಿತ್ತು ‘ಓನ್ಲಿ ಕ್ಯಾಶ್’ ಎಂದು ಬರೆದರಲ್ಲ! ಚಿಲ್ಲರೆ ಅಭಾವ ಒಂದೇ ವಾರದಲ್ಲಿ ನೀಗಿದ್ದು ಅರ್ಥಶಾಸ್ತ್ರದ ವಿಸ್ಮಯ. ಇನ್ನು ಎಲ್ಲರ ಕೈಯಲ್ಲೂ ಫೋನಿದೆ ಎಂಬ ವಾದ. ಪರೇಲಿನ ಟಾಟಾ, ಕೆಇಎಂ ಆಸ್ಪತ್ರೆಗಳ ಹೊರಗಿನ ಫುಟ್‌ಪಾತಿನಲ್ಲಿ ಇದಕ್ಕೆ ಬೆಲೆಯಿಲ್ಲ: ಮನೆಯ ಒಂದೇ ಫೋನು ಮಗನೊಡನೆ ವಾರ್ಡಿನೊಳಗೆ, ಸೆರಗಿನ ಗಂಟಿನಲ್ಲಿ ನಾಲ್ಕಾಗಿ ಮಡಚಿದ ಐವತ್ತರ ನೋಟು ಅಜ್ಜಿಯೊಡನೆ ಹೊರಗೆ. ಅಂಥಲ್ಲಿ ಇಡ್ಲಿಪೂರ್ವ ಹಕ್ಕು ಕಾನೂನಿಗೆ ಸರಿಯಿದ್ದರೂ ಚಲಾಯಿಸುವಂಥದ್ದಲ್ಲ. ಚಹಾದವನು ನೋಟು ಹಿಡಿಯಲೇಬೇಕು.

ಉಳಿದದ್ದು ಒಂದು ಸೂಕ್ಷ್ಮ ಪ್ರಶ್ನೆ. ಮೊದಲೇ ಸ್ಕ್ಯಾನ್ ಮಾಡಿ ಇಡ್ಲಿ ಪಡೆದವನು ನಡುವೆ ಒಂದು ವಡೆ ಹಾಕಿಸಿಕೊಂಡರೆ ಆ ವಡೆಯ ಮಟ್ಟಿಗೆ ಸಾಲಗಾರನಾಗಿ ನೋಟಿನ ಹಕ್ಕು ಮರಳಿ ಪಡೆಯುತ್ತಾನೆ. ಸಾಂಬಾರು ಪುಕ್ಕಟೆಯಾದ್ದರಿಂದ ಅದಕ್ಕೆ ನೋಟೂ ಬೇಡ, ಕ್ಯೂಆರೂ ಬೇಡ. ಎರಡನೇ ಬಟ್ಟಲಿಗೆ ದುಡ್ಡು ಹಿಡಿಯುವ ಹೋಟೆಲುಗಳಿಗೆ ಪ್ರತ್ಯೇಕ ಸಂಪುಟವೇ ಬೇಕಾದೀತು.