ಚಂದ್ರನಿಗೇ ಅಪವಾದ

ಚೌತಿಯ ಚಂದ್ರನನ್ನು ನೋಡಿದವರಿಗೆ ಸುಳ್ಳು ಅಪವಾದ ತಪ್ಪಿದ್ದಲ್ಲ. ಶಮಂತಕ ಮಣಿ ಕದ್ದವನೆಂಬ ಮಾತು ಸಾಕ್ಷಾತ್ ಕೃಷ್ಣನಿಗೇ ಅಂಟಿತ್ತು. ದೂರದರ್ಶಕ ಅಗ್ಗವಾದ ಮೇಲೆ ಲೆಕ್ಕ ತಿರುಗಿದೆ. ನೋಡಿದವರು ಹಾಯಾಗಿದ್ದಾರೆ, ಅಪವಾದವೆಲ್ಲ ಚಂದ್ರನ ತಲೆಗೆ. ಅವನ ಮೈಮೇಲೆ ಗೋಪುರವಿದೆಯಂತೆ, ಸೇತುವೆಯಿದೆಯಂತೆ, ಯಾರದೋ ಗುಡಿಸಲೂ ಇದೆಯಂತೆ.

ಹತ್ತಿಬೀಜದ ದುಡ್ಡು ಸರಿಯಾಗಿ ಕೈಗೆ ಬಂದ ವರ್ಷ ಗದ್ವಾಲ ಸೀಮೆಯ ನಮ್ಮ ಶಾಂತಿನಗರದಲ್ಲೂ ಒಬ್ಬ ಹುಡುಗ ಆರಿಂಚಿನ ದೂರದರ್ಶಕ ತರಿಸಿದ. ಅಷ್ಟಮಿಯ ಸಂಜೆ ಬೆಳಕು–ಕತ್ತಲೆಯ ಗಡಿಯಲ್ಲಿ ಇಂಗ್ಲಿಷಿನ ಎಕ್ಸ್ ಅಕ್ಷರ ಫಳಫಳ ಹೊಳೆಯಿತು. ಚಹಾದಂಗಡಿಯಲ್ಲಿ ಸಭೆ ಸೇರಿತು. ಆಲಂಪುರದ ನವಬ್ರಹ್ಮ ಗುಡಿ ಕಟ್ಟಿದ ಬಾದಾಮಿ ಚಾಲುಕ್ಯರೇ ಅಲ್ಲಿಗೂ ಹೋಗಿ ಪಾಯ ತೋಡಿದ್ದಾರೆಂದು ಒಬ್ಬರು. ಯಾವುದೋ ಮೇಷ್ಟ್ರು ಚಂದ್ರನ ಲೆಕ್ಕ ತಪ್ಪೆಂದು ಗುರುತು ಹಾಕಿದ್ದಾರೆಂದು ಇನ್ನೊಬ್ಬರು. ಅಕ್ಷರ ಕನ್ನಡದ್ದೂ ಅಲ್ಲ, ತೆಲುಗಿನದ್ದೂ ಅಲ್ಲ ಎಂದು ಖಾತ್ರಿಯಾದದ್ದರಿಂದ ಕೈಕೈ ಮಿಲಾಯಿಸುವುದು ಮಾತ್ರ ತಪ್ಪಿತು.

ವಿಷಯ ಇಷ್ಟೇ. ಬ್ಲಾಂಕಿನಸ್, ಲಕಾಯ್, ಪುರ್ಬಾಖ್ ಎಂಬ ಮೂರು ಕುಳಿಗಳ ಅಂಚುಗಳು ಅಲ್ಲಿ ಒಂದಕ್ಕೊಂದು ತಾಗಿವೆ. ಸೂರ್ಯ ಏರುವಾಗ ಮೊದಲ ಬಿಸಿಲು ಅಂಚಿನ ನೆತ್ತಿಗೆ ಬೀಳುತ್ತದೆ, ತಗ್ಗೆಲ್ಲ ಕತ್ತಲೆ. ಸುಮಾರು ನಾಲ್ಕು ತಾಸು ಎಕ್ಸ್ ಇರುತ್ತದೆ, ಬಿಸಿಲು ಕೆಳಗಿಳಿದರೆ ಮುಗಿಯಿತು. ಹುಡುಗ ಇದನ್ನು ಹೇಳಿದ. "ಹಂಗಾರ ಮತ್ತ ಏನೂ ಇಲ್ಲೇನಪಾ?" ಎಂದರು ಹಿರಿಯರು. ಧ್ವನಿಯಲ್ಲಿ ಮಗನ ಮದುವೆ ಮುರಿದಷ್ಟು ಸಂಕಟ.

ಇದರಲ್ಲಿ ನಾವೇ ಮೊದಲಿಗರಲ್ಲ. ಮ್ಯೂನಿಕ್‌ನ ಗ್ರೂಯಿಟ್‌ಹ್ಯೂಸನ್ ಎಂಬ ವೈದ್ಯ 1822ರ ಜುಲೈನಲ್ಲಿ, ನಮ್ಮ ಹುಡುಗನದಕ್ಕಿಂತಲೂ ಚಿಕ್ಕ ದೂರದರ್ಶಕದಲ್ಲಿ, ಶ್ರೋಟರ್ ಕುಳಿಯ ಬಳಿ ಕೋಟೆ ಕೊತ್ತಲಗಳ ಇಡೀ ಪಟ್ಟಣವನ್ನೇ ಕಂಡ. ಎರಡು ವರ್ಷದ ಮೇಲೆ ಪ್ರಕಟಿಸಿದ. ದೊಡ್ಡ ದೂರದರ್ಶಕದವರಿಗೆ ಕಂಡದ್ದು ಅಡ್ಡಾದಿಡ್ಡಿ ದಿಬ್ಬಗಳು. ಶುಕ್ರಗ್ರಹದ ಕತ್ತಲೆಯ ಭಾಗದಲ್ಲಿ ಕಂಡ ಮಂಕು ಬೆಳಕಿಗೂ ಆತ ಕಾರಣ ಹುಡುಕಿದ್ದ: ಅಲ್ಲಿ ಹೊಸ ಚಕ್ರವರ್ತಿಯ ಪಟ್ಟಾಭಿಷೇಕದ ದೀಪೋತ್ಸವ ನಡೆದಿರಬೇಕು! ತಮಾಷೆಯೆಂದರೆ, ಚಂದ್ರನ ಕುಳಿಗಳು ಉಲ್ಕೆ ಬಡಿದು ಆದವು ಎಂದು ಮೊದಮೊದಲಿಗೆ ಹೇಳಿದವರಲ್ಲಿ ಈತನೂ ಒಬ್ಬ. ನಿಜ ಹೇಳಿದಾಗ ಯಾರೂ ಕಿವಿಗೊಡಲಿಲ್ಲ. ಪಟ್ಟಣದ ಕಥೆ ಮಾತ್ರ ಇಂದಿಗೂ ಓಡುತ್ತಿದೆ.

1953ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಓನೀಲ್‌ಗೆ ಮೇರ್ ಕ್ರಿಸಿಯಂ ಎಂಬ ಬಯಲಿನ ಅಂಚಿನಲ್ಲಿ ಸೇತುವೆ ಕಂಡಿತು. ಉದ್ದ ಸುಮಾರು 20 ಕಿಲೋಮೀಟರ್. ಕೃಷ್ಣೆಯ ಮೇಲಿನ ನಮ್ಮ ಸೇತುವೆಗೆ ನದಿಯಾದರೂ ಇದೆ. ನೀರಿಲ್ಲದ ಕಡೆ ಅಷ್ಟುದ್ದದ ಸೇತುವೆ ಕಟ್ಟುವ ಗುತ್ತಿಗೆದಾರ ಭೂಮಿಯಿಂದಲೇ ಹೋಗಿರಬೇಕೆಂದು ನನ್ನ ಅನುಮಾನ. ಇಂಗ್ಲೆಂಡಿನ ವಿಲ್ಕಿನ್ಸ್ ಎಂಬ ಹೆಸರಾಂತ ಚಂದ್ರವೀಕ್ಷಕರು ತಾವೂ ಕಂಡೆವೆಂದು ಬಿಬಿಸಿ ರೇಡಿಯೊದಲ್ಲಿ ಹೇಳಿದರು. ಕಡೆಗೆ ಅದು ಬೆಳಕು–ನೆರಳಿನ ಆಟವಾಯಿತು.

ಚೀನಾದ್ದು ಇನ್ನೂ ಸೊಗಸು. ಅವರ ಯೂಟು-2, ಅಂದರೆ ಪಚ್ಚೆಮೊಲ, ಚಂದ್ರನ ಹಿಂಬದಿಯಲ್ಲಿ ಓಡಾಡಿದ ಗಾಡಿ. 2021ರ ಕೊನೆಗೆ ಅದಕ್ಕೆ ದಿಗಂತದಲ್ಲಿ ಚೌಕನೆಯ ಗುಡಿಸಲೊಂದು ಕಂಡಿತು. ಜಗತ್ತೇ ಉಸಿರು ಬಿಗಿಹಿಡಿದು ಕಾದಿತು. ಜನವರಿಯಲ್ಲಿ ಗಾಡಿ ಹತ್ತಿರ ಹೋದರೆ ಒಂದು ಪುಟ್ಟ ಕಲ್ಲು, ಅದೂ ಮೊಲದ ಆಕಾರದ್ದು! ಅಲ್ಲಿ ಮೊಲವಿದೆಯೆಂದು ನಮ್ಮ ಅಜ್ಜಿಯರು ರಾಕೆಟ್ ಹಾರಿಸದೆಯೇ ಹೇಳಿದ್ದರು.

ನಮ್ಮವರು ಹಿಂದೆ ಬೀಳುವವರೇ? 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ಇಳಿದದ್ದೇ ತಡ, ಅದರೊಳಗಿನ ಪ್ರಜ್ಞಾನ್ ಗಾಡಿಯ ಗಾಲಿಯಿಂದ ನೆಲದ ಮೇಲೆ ಅಶೋಕ ಸಿಂಹ ಅಚ್ಚುಕಟ್ಟಾಗಿ ಒತ್ತಿಬಂದ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಗಾಲಿಯಲ್ಲಿ ಲಾಂಛನ ಇದ್ದದ್ದು ನಿಜ, ಫೋಟೊ ಮಾತ್ರ ಕಲಾವಿದನ ಕೈಚಳಕ. ಗಂಟುಗಂಟಾದ ಅಲ್ಲಿಯ ಮಣ್ಣಿಗೆ ಲಾಂಛನವನ್ನು ಸ್ಪಷ್ಟವಾಗಿ ಹಿಡಿಯುವಷ್ಟು ದೇಶಭಕ್ತಿ ಇರಲಿಲ್ಲ. ಅದಕ್ಕೂ ಮುಂಚೆ ಚಂದ್ರನಿಂದ ಬಂದ ಮೊದಲ ಚಿತ್ರವೆಂದು ನಟ ಪ್ರಕಾಶ್ ರಾಜ್ ಚಹಾ ಎತ್ತಿ ಹೊಯ್ಯುವವನ ವ್ಯಂಗ್ಯಚಿತ್ರ ಹಾಕಿದ್ದಕ್ಕೆ ಬಾಗಲಕೋಟೆ ಜಿಲ್ಲೆಯ ಬನಹಟ್ಟಿ ಠಾಣೆಯಲ್ಲಿ ದೂರು ಬಿದ್ದಿತ್ತು. ಚಂದ್ರ ಯಾವ ಠಾಣೆಯ ಸರಹದ್ದಿಗೆ ಬರುತ್ತಾನೆಂಬುದಾದರೂ ಇದರಿಂದ ತಿಳಿಯಿತು.

ಸರಹದ್ದಿನ ಮಾತು ಬಂದರೆ ನಮ್ಮ ಸೀಮೆಯವರಿಗೆ ಕಿವಿ ನೆಟ್ಟಗಾಗುತ್ತದೆ. 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರಿಗೆ ಸೇರುವಾಗ ಆಲಂಪುರ, ಗದ್ವಾಲ ತಾಲ್ಲೂಕುಗಳನ್ನು ಮಾತ್ರ ಆಂಧ್ರಪ್ರದೇಶಕ್ಕೆ ಬಿಟ್ಟರು. 2014ರಲ್ಲಿ ತೆಲಂಗಾಣ ಬಂತು, 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆ ಬಂತು. ನಾವು ಕಟ್ಟೆ ಬಿಟ್ಟು ಎದ್ದಿಲ್ಲ. ಹೀಗೆ ಕುಳಿತಲ್ಲೇ ವಿಳಾಸ ಬದಲಾದವರಿಗೆ ಚಂದ್ರನ ಮೇಲೊಂದು ಎಕ್ಸ್ ಮೂಡಿ ಮಾಯವಾದರೆ ಅದೇನು ದೊಡ್ಡದಲ್ಲ. ಅದು ಯಾವ ಮಂಡಲಕ್ಕೆ ಸೇರುತ್ತದೆ, ತಹಶೀಲ್ದಾರರು ಯಾರು ಎಂಬುದಷ್ಟೇ ಚಿಂತೆ.

ಈ ವಾದಗಳಲ್ಲಿ ಒಂದು ಸಣ್ಣ ಲೆಕ್ಕಕ್ಕೆ ಮಾತ್ರ ಜಾಗ ಸಿಗುವುದಿಲ್ಲ. ಚಂದ್ರ ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿದ್ದಾನೆ. ಆರಿಂಚಿನ ಕನ್ನಡಿ ಎಷ್ಟೇ ಚೊಕ್ಕವಾಗಿದ್ದರೂ ಒಂದೂವರೆ ಕಿಲೋಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳನ್ನು ಬಿಡಿಸಿ ತೋರಿಸಲು ಒದ್ದಾಡುತ್ತದೆ. ನಮ್ಮ ಬೇಸಿಗೆಯ ಕುದಿಯುವ ಗಾಳಿಯಲ್ಲಿ ಅದೂ ಇಲ್ಲ. ಆದರೂ ಕಿಟಕಿ ಕಂಡವರಿದ್ದಾರೆ, ಕಿಟಕಿಯ ಸರಳು ಎಣಿಸಿದವರಿದ್ದಾರೆ.

ನಿಜವಾಗಿ ಕಂಡವರೊಬ್ಬರಿದ್ದಾರೆ, ಚೆನ್ನೈನ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್. 2019ರಲ್ಲಿ ಚಂದ್ರಯಾನ-2ರ ವಿಕ್ರಮ್ ಅಪ್ಪಳಿಸಿದ ಮೇಲೆ, ನಾಸಾದ ಕಕ್ಷೆಗಾಡಿ ತೆಗೆದ ಹಳೆಯ, ಹೊಸ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಹುಡುಕಿ, ಮೊದಲಿಲ್ಲದ ಒಂದು ಬಿಳಿ ಚುಕ್ಕೆಯನ್ನು ಹಿಡಿದರು. ಡಿಸೆಂಬರಿನಲ್ಲಿ ನಾಸಾ ಒಪ್ಪಿಕೊಂಡಿತು. ಅದು ಒಡೆದ ನೌಕೆಯ ಚೂರು. ಚಂದ್ರನ ಮೇಲೆ ಮನುಷ್ಯ ಕಟ್ಟಿದ್ದೊಂದು ನಿಜಕ್ಕೂ ಸಿಕ್ಕಿತ್ತು, ಆದರೆ ಅದಕ್ಕೆ ಗೋಪುರವಿರಲಿಲ್ಲವಾದ್ದರಿಂದ ನಮ್ಮ ಚಹಾದಂಗಡಿಯಲ್ಲಿ ಚರ್ಚೆಗೆ ಬರಲಿಲ್ಲ.

ಚಂದ್ರಯಾನ-2ರ ಕಕ್ಷೆಗಾಡಿ ಇನ್ನೂ ಸುತ್ತುತ್ತಲೇ ಇದೆ. ಅದರ ಕ್ಯಾಮೆರಾ ಗೇಣುದ್ದಕ್ಕಿಂತ ತುಸು ದೊಡ್ಡ ಕಲ್ಲನ್ನೂ ಗುರುತಿಸಬಲ್ಲದು, ಆ ಚಿತ್ರಗಳನ್ನು ಇಸ್ರೊ ಪುಕ್ಕಟೆ ಕೊಡುತ್ತದೆ. ಹುಡುಗ ಒಂದಿಷ್ಟು ಇಳಿಸಿಕೊಂಡು ಅಂಗಡಿಗೆ ತಂದು ತೋರಿಸಿದ. ಹಿರಿಯರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

"ಬರೇ ಕಲ್ಲು ನೋಡೂದಾದ್ರ ರಾಯಚೂರಿಗಿ ಬಸ್ಸೈತಲ್ಲೋ ತಮ್ಮಾ."