ಕಟ್ಟಿಗೆ ಮೀಮಾಂಸೆ: ಸನವಳ್ಳಿ ಪಾಠ

ತರ್ಕಶಾಸ್ತ್ರ ಓದಿದವರಿಗೆ ಗೊತ್ತು: ಹೊಗೆ ಕಂಡರೆ ಬೆಂಕಿ ಇದೆ ಎನ್ನಬಹುದು, ಬೆಂಕಿ ಕಂಡ ಮಾತ್ರಕ್ಕೆ ಹೊಗೆ ಇದೆ ಎನ್ನುವಂತಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆ ಎಲ್ಲಿ? ಹೊಗೆ ಏಳಬೇಕಾದರೆ ಹಸಿ ಕಟ್ಟಿಗೆಯ ಸಂಗ ಬೇಕು. ಇದಕ್ಕೆ ‘ಉಪಾಧಿ’ ಎಂದು ಹೆಸರು. ಅನ್ನಂಭಟ್ಟನ ತರ್ಕಸಂಗ್ರಹದಲ್ಲೂ ಇದೇ ಉದಾಹರಣೆ. ಆದರೆ ಆ ಹಸಿ ಕಟ್ಟಿಗೆಯನ್ನು ಒಲೆಯ ಮುಂದೆ ತಂದು ಸುರಿದವರು ಯಾರು ಎಂದು ಶಾಸ್ತ್ರಕಾರರು ಕೇಳಲಿಲ್ಲ. ಬಹುಶಃ ಅವರೇ ಇರಬೇಕು. ಈ ಲೋಪವನ್ನು ಮುಂಡಗೋಡ ತಾಲೂಕಿನ ಸನವಳ್ಳಿಯ ಹಿತ್ತಿಲಲ್ಲಿ ಕುಳಿತು ತುಂಬಿಕೊಡುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಕಾಲವಿಚಾರ. ಹಿಮ ಬೀಳದ ಊರಲ್ಲಿ ಚಳಿಗಾಲ ಎಂಬುದೇ ಅತಿಶಯೋಕ್ತಿ ಎಂದು ಕೆಲವರ ಆಕ್ಷೇಪ. ಚಳಿಯ ಬಗ್ಗೆ ಅಧಿಕಾರದಿಂದ ಮಾತಾಡಬಲ್ಲವರು 1966ರಿಂದ ಮುಂಡಗೋಡದ ಕ್ಯಾಂಪುಗಳಲ್ಲಿ ನೆಲೆಸಿರುವ ಟಿಬೆಟಿಯನ್ನರು. ಚಳಿ ಶುರುವಾಯಿತೆಂದರೆ ಅವರಲ್ಲಿ ಅನೇಕರು ಊರೂರಿಗೆ ಸ್ವೆಟರ್ ಮಾರಲು ಹೊರಡುತ್ತಾರೆ. ಹಿಮಾಲಯದಾಚೆಯವರೇ ನಮ್ಮ ಚಳಿಯನ್ನು ನಂಬಿ ಬಂಡವಾಳ ಹಾಕಿದ ಮೇಲೆ ಬೇರೆ ಪ್ರಮಾಣ ಬೇಕೆ? ಆದರೂ ಕಟ್ಟಿಗೆ ಕೂಡಿಡುವುದು ಈ ಚಳಿಗಲ್ಲ, ಮುಂದಿನ ಮಳೆಗೆ. ದೀಪಾವಳಿ ದಾಟಿದ ಮೇಲೆ ಒಡೆದು ಬಿಸಿಲಿಗೆ ಹಾಕಿದ್ದು ಮಿರಗದ ಮಳೆಯೊಳಗೆ, ಅಂದರೆ ಜೂನ್ ಮೊದಲ ವಾರಕ್ಕೆ, ಮಾಡಿನಡಿ ಸೇರಬೇಕು. ನಡುವೆ ತಿಂಗಳುಗಟ್ಟಲೆ ಸಮಯ ಇರುವುದರಿಂದಲೇ ಗಂಡಸರು ಇದನ್ನು ‘ನಾಳೆ ನೋಡಿದರಾಯ್ತು’ ಎಂಬ ವರ್ಗಕ್ಕೆ ಸೇರಿಸಿದ್ದಾರೆ.

ಇನ್ನು ದ್ರವ್ಯವಿಚಾರ. ಕಾಡಿನ ಕಟ್ಟಿಗೆ ಮೂರು ಬಗೆ: ಬಿದ್ದದ್ದು, ಬಿದ್ದಂತಿರುವುದು, ಬೀಳಲಿರುವುದು. ಗಾರ್ಡ್ ಎದುರಾದಾಗ ಭೇದಗಳೆಲ್ಲ ಅಳಿದು ‘ಬಿದ್ದದ್ದು’ ಒಂದೇ ಉಳಿಯುತ್ತದೆ. ಇದು ಅದ್ವೈತ. ಅವರು ಮಾತ್ರ ದ್ವೈತಿಗಳು. ಕಡಿದ ಗಾಯವನ್ನು ಬೆರಳಿಟ್ಟು ತೋರಿಸುತ್ತಾರೆ. ಮರಗಳಲ್ಲಿ ಮತ್ತಿಗೆ ಅಗ್ರಸ್ಥಾನ. ಮೊಸಳೆಯ ಚರ್ಮದಂಥ ತೊಗಟೆಯ ಈ ಮರ ಬೇಸಿಗೆಗೆಂದು ಕಾಂಡದಲ್ಲಿ ನೀರು ಕೂಡಿಡುತ್ತದೆ. ಒಣಗಿದರೆ ಗಟ್ಟಿ ಕೆಂಡ. ಹಸಿಯಿದ್ದರೆ ಇನ್ನೊಂದು ತುದಿಯಲ್ಲಿ ನೊರೆ ಉಕ್ಕಿಸಿ ‘ಚುಂಯ್’ ಎಂದು ಮನೆಯ ಗುಟ್ಟು ಹೊರಹಾಕುತ್ತದೆ. ಅಕೇಶಿಯಾವನ್ನು ಇಲಾಖೆ ನೆಟ್ಟಿತು, ಪರಿಸರದವರು ಬೈದರು, ಒಲೆ ಒಪ್ಪಿಕೊಂಡಿತು. ಬೂರಗ ಹೊತ್ತು ತಂದ ಶ್ರಮಕ್ಕೂ ಸಾಲದು. ಕಾಳು ಬಿಡಿಸಿದ ಗೋವಿನಜೋಳದ ದಿಂಡು ಭಗ್ಗನೆ ಹೊತ್ತಿ ಮುಗಿಯುವುದರಿಂದ ಚಹಾಕ್ಕೆ ಸರಿ, ಹಂಡೆಗೆ ನಾಲಾಯಕ್ಕು.

ಒಡೆಯುವ ವಿಧಿ ಹೀಗೆ: ಕೊರಡನ್ನು ನಿಲ್ಲಿಸಿ, ಅದರ ನೆತ್ತಿಯಲ್ಲಿ ಒಣಗಿ ಬಿಟ್ಟ ಬಿರುಕು ಹುಡುಕಬೇಕು. ಕೊಡಲಿ ಆ ಬಿರುಕಿನ ನೇರಕ್ಕೆ, ಅಂಚಿನ ಕಡೆ ಬೀಳಬೇಕು. ನಟ್ಟನಡುವೆ ಹೊಡೆದರೆ ಕಚ್ಚಿಕೊಂಡು ಕೂರುತ್ತದೆ. ಆಗ ಕೊಡಲಿ ಸಮೇತ ಕೊರಡನ್ನೆತ್ತಿ ನೆಲಕ್ಕೆ ಕುಕ್ಕುವುದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ. ಗಂಟು ಅಡ್ಡ ಬಂದರೆ ಬೆಣೆ ಹೊಡೆಯುವುದು. ಬೆಣೆಯೂ ಸೋತರೆ ‘ಇದು ಬಚ್ಚಲ ಒಲೆಗೆ ಇಡಿಯಾಗೇ ಇರಲಿ’ ಎಂದು ಘೋಷಿಸಿ ಬೆವರು ಒರೆಸಿಕೊಳ್ಳುವುದು ಶಾಸ್ತ್ರಸಮ್ಮತ. ಬಚ್ಚಲ ಒಲೆಯ ಬಾಯಿ ಅಷ್ಟು ಅಗಲವಿರುವುದಕ್ಕೆ ಬೇರೆ ಕಾರಣ ತೋರುವುದಿಲ್ಲ.

ಕಟ್ಟಿಗೆ ಒಣಗಿದೆಯೆಂದು ತಿಳಿಯುವುದು ಹೇಗೆ? ಇಲ್ಲಿ ಎರಡು ಪಂಥ. ಯಜಮಾನರದು ಶಬ್ದಪ್ರಮಾಣ: “ಒಣಗ್ಯಾವು” ಎಂದರೆ ಒಣಗಿದಂತೆ. ಒಲೆ ಮುಂದಿನವರದು ಪ್ರತ್ಯಕ್ಷ: ಎರಡು ಸೀಳು ಹಿಡಿದು ಒಂದಕ್ಕೊಂದು ಬಡಿಯುತ್ತಾರೆ. ‘ಟಣ್’ ಅಂದರೆ ಒಣಗಿದ್ದು, ‘ದಪ್’ ಅಂದರೆ ಹಸಿ. ದಪ್ ಎಂದಾಗ ಹೊರಡುವ ಖಂಡನಗ್ರಂಥ ಚಿಕ್ಕದು: “ಒಣಗ್ಯಾವಂತ! ನೀವ ಬಂದ್ ಊದ್ರಿ ಬರ್ರಿ.” ಊದುಗೊಳವೆ ಹಿಡಿದು ಕಣ್ಣೀರಿಟ್ಟ ಯಾವ ಯಜಮಾನನೂ ಆಮೇಲೆ ಉಪಾಧಿಯ ಲಕ್ಷಣ ಮರೆತಿಲ್ಲ.

ಈ ಕಣ್ಣೀರು ಕಂಡೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ ಹೊಗೆಕೊಳವೆಯ ಒಲೆ ಕೊಟ್ಟಿತು. 2016ರಲ್ಲಿ ಉಜ್ವಲಾ ಸಿಲಿಂಡರ್ ಬಂತು. ಸಿಲಿಂಡರ್ ಅಡುಗೆಮನೆ ಗೆದ್ದರೂ ಬಚ್ಚಲ ಗೆಲ್ಲಲಿಲ್ಲ. ಗ್ಯಾಸಿನ ಮೇಲೆ ಹಂಡೆ ನೀರು ಕಾಯಿಸುವವರನ್ನು ಸನವಳ್ಳಿಯ ಯಾವ ಅಜ್ಜಿಯೂ ಸಂಸಾರಸ್ಥರೆಂದು ಒಪ್ಪಲಾರಳು.

ಉಳಿದ ಚಳಿಗಾಲದ ಕೆಲಸಗಳಲ್ಲಿ ಭತ್ತ ಬಡಿಯುವುದು, ಬಣವೆ ಒಟ್ಟುವುದು ಸರ್ವವಿದಿತ. ಕೌದಿ ತೊಳೆಯುವುದಷ್ಟೇ ಚರ್ಚಾರ್ಹ. ನೀರು ಕುಡಿದ ಕೌದಿ ಒಬ್ಬರಿಂದ ಏಳುವುದಿಲ್ಲ. ಹಿಂಡುವುದು ದ್ವಂದ್ವ ಸಮಾಸ, ಆ ತುದಿಗೊಬ್ಬರು ಈ ತುದಿಗೊಬ್ಬರು ಬೇಕು. ಈ ತುದಿಯಿಂದ ಕರೆ ಬಂದ ಕ್ಷಣಕ್ಕೆ ಯಜಮಾನನಿಗೆ ತಿಂಗಳುಗಳಿಂದ ಬಿದ್ದಿರುವ ಮತ್ತಿಯ ಕೊರಡು ನೆನಪಾಗಿ, ಕೊಡಲಿ ಹುಡುಕುತ್ತ ಹಿತ್ತಿಲಿಗೆ ನಡೆಯುತ್ತಾನೆ. ಆದ್ದರಿಂದ ಪಂಚಾಂಗ ಏನೇ ಹೇಳಲಿ, ಕಟ್ಟಿಗೆ ಒಡೆಯಲು ಕೌದಿ ತೊಳೆಯುವ ದಿನವೇ ಪ್ರಶಸ್ತ.